ಬಲೂ ತಮ್ಮ ಮತ್ತು ಹೊಟ್ಟೆ ಸೀಳಿದ ಧ

"ಪಪ್ಪಾ, ದನ ಸಹಾಯ ಅಂದ್ರೆ ಏನು? ದನ ನಮಗ್ಯಾಕೆ ಸಹಾಯ ಮಾಡ್ತಾವೆ?"

ಹೋದ ರಾಜ್ಯೋತ್ಸವದ ದಿನ ವಾಕಡ್‌ನ ನಮ್ಮ ಸೊಸೈಟಿಯ ಕ್ಲಬ್‌ಹೌಸಿನಲ್ಲಿ, ಬ್ಯಾನರಿನ ಕೆಳಗೆ ನಿಂತು ಮಗಳು ಎಲ್ಲರಿಗೂ ಕೇಳುವ ಹಾಗೆ ಕೇಳಿದ ಪ್ರಶ್ನೆ ಇದು. ಎಲ್ಲರೂ ನಕ್ಕರು. ನಾನೂ ನಕ್ಕೆ. ಬ್ಯಾನರಿನ ಕೊನೆಯ ಸಾಲಿನಲ್ಲಿ ‘ಧನ ಸಹಾಯ’ ಎಂದು ಬರೆದು ನಾಲ್ಕು ಹೆಸರು ಹಾಕಿದ್ದೆವು. ಅವಳು ಶಾಲೆಯಲ್ಲಿ ಓದುವುದು ಇಂಗ್ಲಿಷ್ ಮತ್ತು ಮರಾಠಿ. ಕನ್ನಡ ನಾನು ಭಾನುವಾರ ಬೆಳಿಗ್ಗೆ ಕಲಿಸಿದ್ದಷ್ಟೇ. ದೇವನಾಗರಿಯಲ್ಲಿ ದ ಒಂದು ಆಕಾರ, ಧ ಸಂಪೂರ್ಣ ಬೇರೆಯದೇ ಆಕಾರ, ಗೊಂದಲಕ್ಕೆ ಎಡೆಯೇ ಇಲ್ಲ. ಕನ್ನಡದಲ್ಲಿ ದನಕ್ಕೂ ಧನಕ್ಕೂ ನಡುವೆ ಇರುವುದು ಒಂದು ಪುಟ್ಟ ಕಡ್ಡಿ. ಮನೆಗೆ ಬಂದು ಲ್ಯಾಪ್‌ಟಾಪಿನಲ್ಲಿ ಫೈಲು ತೆರೆದು ನೋಡಿದೆ. ಕಡ್ಡಿ ಇತ್ತು. ಆದರೆ ಹತ್ತು ಅಡಿ ಅಗಲದ ಫ್ಲೆಕ್ಸಿನ ಕೊನೆಯ ಸಾಲಿನಲ್ಲಿ, ಆ ದಪ್ಪ ಅಕ್ಷರದ ದಪ್ಪ ಹೊಟ್ಟೆಯ ಕೆಳಗೆ, ಅದು ಇದ್ದೂ ಇಲ್ಲದ ಹಾಗಿತ್ತು. ತಲೆಬರಹಕ್ಕೆ ಮಾಡಿದ ಫಾಂಟನ್ನು ದಾನಿಗಳ ಹೆಸರಿನ ಸಣ್ಣ ಸಾಲಿಗೂ ಹಾಕಿದವನು ನಾನು, ಹಾಗಾಗಿ ತಪ್ಪು ನನ್ನದೇ. ಆದರೂ ಅಂದಿನಿಂದ ಆ ಫಾಂಟನ್ನು ಬೇರೆ ಕಣ್ಣಿನಿಂದ ನೋಡತೊಡಗಿದೆ. ಈ ಬರಹ ಅದರ ಬಗ್ಗೆ.

ಅದರ ಹೆಸರು ಬಲೂ ತಮ್ಮ. ಹೆಸರು ಗೊತ್ತಿಲ್ಲದಿದ್ದರೂ ನೀವು ನೋಡಿಯೇ ಇರುತ್ತೀರಿ. ಚೆನ್ನಾಗಿ ಉಂಡು ಮಲಗಿದ ಹಾಗಿರುವ ದಪ್ಪ ಅಕ್ಷರ, ಮೂಲೆಗಳೆಲ್ಲ ಉರುಟು, ಗೆರೆಯ ದಪ್ಪ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ಅಡುಗೆ ವಿಡಿಯೊಗಳ ಮೇಲೆ, ಮಕ್ಕಳ ಆ್ಯಪ್‌ಗಳಲ್ಲಿ, ಹೊಸ ದರ್ಶಿನಿಗಳ ಮೆನು ಬೋರ್ಡಿನಲ್ಲಿ ನನಗೆ ಮತ್ತೆ ಮತ್ತೆ ಎದುರಾಗುತ್ತದೆ. ಇದನ್ನು ಮಾಡಿದ್ದು ಮುಂಬೈಯ ಏಕ್ ಟೈಪ್ ಎಂಬ ವಿನ್ಯಾಸಕಾರರ ಬಳಗ. ಕನ್ನಡದ ಅಕ್ಷರಗಳನ್ನು ಬಿಡಿಸಿದವರು ದಿವ್ಯಾ ಕೌಶಿಕ್ ಮತ್ತು ಶುಚಿತಾ ಗ್ರೋವರ್. ಇಡೀ ಕುಟುಂಬದ ಫಾಂಟ್ ಎಂಜಿನಿಯರಿಂಗ್ ಹಿಂದೆ ಐಐಟಿ ಬಾಂಬೆಯ ಗಿರೀಶ್ ದಳವಿ ಇದ್ದಾರೆ. ಮುಕ್ತ ಪರವಾನಗಿಯದು. ಗೂಗಲ್ ಫಾಂಟ್ಸ್‌ನಿಂದ ಯಾರು ಬೇಕಾದರೂ ಇಳಿಸಿಕೊಂಡು ಬಳಸಬಹುದು, ದುಡ್ಡು ಕೊಡಬೇಕಿಲ್ಲ. ಮೊದಲು ಬಂದದ್ದು ಒಂದೇ ತೂಕದಲ್ಲಿ, ಅದೂ ಭಾರೀ ತೂಕದಲ್ಲಿ. ಆಮೇಲೆ ಬಂದ ಬಲೂ ತಮ್ಮ 2ರಲ್ಲಿ ರೆಗ್ಯುಲರ್‌ನಿಂದ ಎಕ್ಸ್‌ಟ್ರಾ ಬೋಲ್ಡ್‌ವರೆಗೆ ಐದು ತೂಕಗಳಿವೆ. ಆದರೂ ಜನ ಬಳಸುವುದು ಆ ದಪ್ಪದ್ದನ್ನೇ.

ಬಲೂ ಎಂದರೆ ಕಿಪ್ಲಿಂಗನ ಜಂಗಲ್ ಬುಕ್‌ನ ಕರಡಿ, ಮೋಗ್ಲಿಗೆ ಕಾಡಿನ ಪಾಠ ಹೇಳಿದ ಮೇಷ್ಟ್ರು. ಈ ಕರಡಿ ಭಾರತದ ಹಲವು ಲಿಪಿಗಳಿಗೆ ಹೋಗಿ ಒಂದೊಂದರಲ್ಲಿ ಒಂದೊಂದು ನಂಟು ಕಟ್ಟಿಕೊಂಡಿದೆ. ಗುಜರಾತಿಯಲ್ಲಿ ಬಲೂ ಭಾಯ್, ಬಂಗಾಳಿಯಲ್ಲಿ ಬಲೂ ದಾ, ಗುರುಮುಖಿಯಲ್ಲಿ ಬಲೂ ಪಾಜಿ, ಒಡಿಯಾದಲ್ಲಿ ಭಾಇನಾ, ಮಲಯಾಳಂನಲ್ಲಿ ಚೇಟ್ಟನ್, ಉರ್ದುವಿನಲ್ಲಿ ಭಾಯಿಜಾನ್. ತಮಿಳಿಗೆ ಬಂದರೆ ತಂಬಿ, ತೆಲುಗಿಗೆ ಬಂದರೆ ತಮ್ಮುಡು, ನಮ್ಮಲ್ಲಿ ತಮ್ಮ. ಗಮನಿಸಿದಿರಾ? ಬಂಗಾಳಿಗಳಿಗೆ, ಪಂಜಾಬಿಗಳಿಗೆ, ಮಲಯಾಳಿಗಳಿಗೆ ಅಣ್ಣ ಸಿಕ್ಕ. ನಮಗೆ, ತೆಲುಗರಿಗೆ, ತಮಿಳರಿಗೆ ತಮ್ಮ. ಹೆಸರಿಟ್ಟವರು ಪ್ರೀತಿಯಿಂದಲೇ ಇಟ್ಟಿದ್ದಾರೆ, ಅದರಲ್ಲಿ ಹುಡುಕುವಂಥದ್ದೇನೂ ಇಲ್ಲ. ಆದರೆ ಫಾಂಟಿನ ಸ್ವಭಾವಕ್ಕೆ ಆ ಹೆಸರು ಸರಿಯಾಗಿ ಕೂತುಬಿಟ್ಟಿದೆ: ಹೇಳಿದ ಕೆಲಸಕ್ಕೆಲ್ಲ ಓಡುವ, ಯಾರ ಮೇಲೂ ಮುನಿಸಿಕೊಳ್ಳದ ತಮ್ಮ.

ಮೊದಲು ಅದರ ದೊಡ್ಡ ಗುಣ ಹೇಳಿಬಿಡುತ್ತೇನೆ. ಪುಣೆಯಲ್ಲಿ ಕನ್ನಡದ ಒಂದು ಬ್ಯಾನರ್ ಮಾಡುವುದೆಂದರೆ ಮೂರು ಲಿಪಿಯ ಕೆಲಸ. ಮೇಲೆ ಕನ್ನಡ. ಪಕ್ಕದ ಮನೆಯವರೂ ಬರಲಿ ಎಂದು ಮರಾಠಿ. ನಮ್ಮ ಮಕ್ಕಳಿಗಾಗಿ, ನಾಚಿಕೆಯಿಂದಲೇ ಹೇಳುತ್ತೇನೆ, ಇಂಗ್ಲಿಷ್. ಹತ್ತು ವರ್ಷದ ಹಿಂದಿನ ನಮ್ಮ ಬ್ಯಾನರುಗಳ ಫೋಟೊ ತೆಗೆದು ನೋಡಿದರೆ ಇಂಗ್ಲಿಷ್ ಏರಿಯಲ್ ಬ್ಲ್ಯಾಕ್‌ನಲ್ಲಿ ಪೈಲ್ವಾನನ ಹಾಗೆ ನಿಂತಿದೆ, ಮರಾಠಿ ತಕ್ಕಮಟ್ಟಿಗಿದೆ, ಕನ್ನಡ ಮಾತ್ರ ವಿಂಡೋಸ್‌ನ ತುಂಗಾದಲ್ಲಿ ಉಪವಾಸ ಬಿದ್ದವರ ಹಾಗೆ ಸೊರಗಿದೆ. ಕನ್ನಡ ರಾಜ್ಯೋತ್ಸವದ ಬ್ಯಾನರಿನಲ್ಲಿ ಕನ್ನಡವೇ ಎಲ್ಲಕ್ಕಿಂತ ಬಡಕಲು! ಅಕ್ಷರದ ಗಾತ್ರ ದೊಡ್ಡದು ಮಾಡಿದರೆ ಬಡಕಲುತನ ಇನ್ನಷ್ಟು ಎದ್ದು ಕಾಣುತ್ತಿತ್ತು.

ಬೋರ್ಡುಗಳ ಕಾನೂನು ಮಾಡುವವರಿಗೂ ಇದು ಹೊಳೆದ ಹಾಗಿಲ್ಲ. ಮಹಾರಾಷ್ಟ್ರದಲ್ಲಿ 2022ರ ತಿದ್ದುಪಡಿಯ ನಂತರ ಅಂಗಡಿ ಬೋರ್ಡಿನಲ್ಲಿ ದೇವನಾಗರಿ ಮರಾಠಿ ಬೇರೆ ಲಿಪಿಗಿಂತ ಚಿಕ್ಕದಾಗಿರುವಂತಿಲ್ಲ. ಕರ್ನಾಟಕದಲ್ಲಿ 2024ರಲ್ಲಿ ಬೋರ್ಡಿನ ಶೇಕಡಾ 60 ಭಾಗ ಕನ್ನಡಕ್ಕೆ ಎಂದಾಯಿತು. ಎರಡೂ ಅಳೆಯುವುದು ಗಾತ್ರ, ಜಾಗ. ತೂಕವನ್ನು ಯಾವ ಟೇಪಿನಿಂದ ಅಳೆಯುವುದು? ಶೇಕಡಾ 60 ಜಾಗದಲ್ಲಿ ತೆಳ್ಳಗಿನ ಕನ್ನಡ, ಉಳಿದ 40ರಲ್ಲಿ ಕೊಬ್ಬಿದ ಇಂಗ್ಲಿಷ್ ಬರೆದರೆ ರಸ್ತೆಯ ಆಚೆಯಿಂದ ಕಣ್ಣಿಗೆ ಬೀಳುವುದು ಇಂಗ್ಲಿಷೇ.

ಬಲೂ ಬಂದ ಮೇಲೆ ಇದು ಬದಲಾಯಿತು. ಮರಾಠಿ ಬಲೂ, ಕನ್ನಡದ ಬಲೂ ತಮ್ಮ, ಅದರೊಳಗಿನದೇ ಇಂಗ್ಲಿಷ್: ಮೂರನ್ನೂ ಒಂದರ ಕೆಳಗೊಂದು ಇಟ್ಟರೆ ಒಂದೇ ಮನೆಯವರು ಫೋಟೊಕ್ಕೆ ನಿಂತ ಹಾಗೆ ಕಾಣುತ್ತದೆ. ಕನ್ನಡ ಯಾರ ಹಿಂದೆಯೂ ಅವಿತಿರುವುದಿಲ್ಲ. ಒಂದು ದೊಡ್ಡ ಊರಿನಲ್ಲಿ ಎರಡನೆಯದೋ ಮೂರನೆಯದೋ ಭಾಷೆಯಾಗಿ ಬದುಕುವವರಿಗೆ ಇದು ಸಣ್ಣ ಮಾತಲ್ಲ.

ಇನ್ನು ಅಕ್ಷರದ ವಿಷಯ. ಕನ್ನಡ ಲಿಪಿ ದುಂಡಗಿದೆ, ಆದ್ದರಿಂದ ದುಂಡನೆಯ ಫಾಂಟು ಅದಕ್ಕೆ ಸಹಜವಾಗಿ ಒಗ್ಗುತ್ತದೆ ಎಂಬ ಮಾತು ಕೇಳಿದ್ದೇನೆ. ನಾನೂ ಹಾಗೇ ಅಂದುಕೊಂಡಿದ್ದೆ. ಈಗ ಅದು ಉಲ್ಟಾ ಅನ್ನಿಸುತ್ತದೆ. ರೇಖಾಗಣಿತದ ಅಕ್ಷರಶೈಲಿಗಳು ಹುಟ್ಟಿದ್ದು ರೋಮನ್ ಲಿಪಿಯಲ್ಲಿ. ಜರ್ಮನಿಯ ಪೌಲ್ ರೆನ್ನರ್ 1927ರಲ್ಲಿ ಫ್ಯೂಚುರಾ ತಂದಾಗ ‘ಓ’ವನ್ನು ಕಂಪಾಸಿನಲ್ಲಿ ಬರೆದ ವೃತ್ತದ ಹಾಗೆ ಮಾಡಿದ. ಪಕ್ಕದಲ್ಲಿ ‘ಈ’, ‘ಟಿ’, ‘ಎಚ್’ ಎಂಬ ನೆಟ್ಟಗಿನ ಕಂಬಗಳಿದ್ದವು. ವೃತ್ತಕ್ಕೆ ಬೆಲೆ ಬಂದದ್ದು ಕಂಬಗಳಿಂದ. ಅಂಥ ಲಿಪಿಯ ಮೂಲೆಗಳನ್ನು ಉಜ್ಜಿ ನುಣುಪು ಮಾಡಿದರೆ ಗಡಸು ಅಕ್ಷರ ಮೆದುವಾಗುತ್ತದೆ, ಆ ಬದಲಾವಣೆಯೇ ಚೆಂದ. ಕನ್ನಡದಲ್ಲಿ ಮೆದು ಮಾಡಲು ಕಂಬಗಳೆಲ್ಲಿವೆ? ರ, ಠ, ದ, ಥ, ಧ ಎಲ್ಲವೂ ಮೊದಲೇ ಸುತ್ತಿಕೊಂಡಿರುವಂಥವು. ಇರುವ ಒಂದೇ ಒಂದು ಚುರುಕು ತಲೆಕಟ್ಟಿನದು, ಬಲಕ್ಕೆ ಚಿಮ್ಮುವ ಆ ಚೂಪು ತುದಿಯದು. ಅದನ್ನೂ ಉರುಟು ಮಾಡಿದರೆ ಬೆಲ್ಲಕ್ಕೆ ಸಕ್ಕರೆ ಸುರಿದ ಹಾಗೆ. ಕಣ್ಣಿಗೆ ಹಿಡಿಯಲು ಏನೂ ಸಿಗುವುದಿಲ್ಲ.

ಅದರ ಮೇಲೆ ತೂಕ. ಕನ್ನಡದ ಎಷ್ಟೋ ಅಕ್ಷರಗಳನ್ನು ಬೇರೆ ಮಾಡುವುದು ಬಹಳ ಚಿಕ್ಕ ಗುರುತುಗಳು. ಶಾಲೆಯಲ್ಲಿ ಮೇಷ್ಟ್ರು ‘ಹೊಟ್ಟೆ ಸೀಳು’ ಅನ್ನುತ್ತಿದ್ದರು. ಡ ಇದ್ದದ್ದು ಢ ಆಗಲು, ಬ ಇದ್ದದ್ದು ಭ ಆಗಲು, ಪ ಇದ್ದದ್ದು ಫ ಆಗಲು ಅದೊಂದೇ ಉಪಾಯ. ಸೀಳುವುದು ಎಂದರೂ ಅಲ್ಲಿ ನಿಜವಾಗಿ ಮಾಡುವುದು ಕೂಡಿಸುವ ಕೆಲಸ, ಹೊಟ್ಟೆಯ ಕೆಳಗೆ ಒಂದು ಗೆರೆ. ರ ಮತ್ತು ಠದ ನಡುವೆ ಒಂದು ಚುಕ್ಕೆ. ಪ ಮತ್ತು ಷದ ನಡುವೆ ಒಳಗಿನ ಒಂದು ಎಳೆ. ಗೆರೆ ತೆಳ್ಳಗಿದ್ದಾಗ ಈ ಗುರುತುಗಳಿಗೆ ಜಾಗ ಧಾರಾಳ. ಗೆರೆ ಉಬ್ಬಿದ ಹಾಗೆ ಅಕ್ಷರದ ಒಳಗಿನ ಬಯಲು ಕಿರಿದಾಗುತ್ತದೆ, ಠದ ಚುಕ್ಕೆಗೆ ಉಸಿರಾಡಲು ಎಡೆ ಉಳಿಯುವುದಿಲ್ಲ, ಧದ ಕಡ್ಡಿ ಹೊಟ್ಟೆಯ ದಪ್ಪದಲ್ಲೇ ಮುಳುಗುತ್ತದೆ. ಕಡ್ಡಿಯನ್ನೂ ದಪ್ಪ ಮಾಡೋಣ ಎಂದರೆ ಅದು ಒತ್ತಕ್ಷರದ ಜಾಗಕ್ಕೆ ನುಗ್ಗುತ್ತದೆ.

ಒತ್ತಕ್ಷರ ಇನ್ನೊಂದು ಪೇಚು. ‘ರಾಜ್ಯೋತ್ಸವ’ ಎಂಬ ಪದವನ್ನೇ ತೆಗೆದುಕೊಳ್ಳಿ. ಕನ್ನಡದ ಯಾವುದೇ ದಪ್ಪ ಫಾಂಟಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ವರ್ಷಕ್ಕೊಮ್ಮೆ ಊರ ತುಂಬ ದೊಡ್ಡದಾಗಿ ಬರೆಯುವ ಪದವೂ ಅದೇ. ‘ಜ್ಯೋ’ ಒಂದರಲ್ಲೇ ಜ, ಯದ ಒತ್ತು, ಓತ್ವ, ಅದರ ದೀರ್ಘ. ‘ತ್ಸ’ದಲ್ಲಿ ಸದ ಒತ್ತು. ಗೆರೆಯೆಲ್ಲ ಒಂದೇ ದಪ್ಪ ಇರಬೇಕು ಎಂಬ ನಿಯಮವನ್ನು ಹಟ ಹಿಡಿದು ಪಾಲಿಸಿದರೆ ಇಲ್ಲಿ ಅಕ್ಷರಕ್ಕಿಂತ ಒತ್ತೇ ಭಾರವಾಗಿ ಪದ ಕೆಳಕ್ಕೆ ಜೋತು ಬೀಳುತ್ತದೆ. ಬಲೂ ತಮ್ಮ ಗೆದ್ದಿರುವುದು ನಿಯಮ ಮುರಿದ ಕಡೆಯಲ್ಲೇ. ಒತ್ತುಗಳನ್ನು ಕುಗ್ಗಿಸಿ ಅವುಗಳ ಗೆರೆಯನ್ನು ಇಳಿಸಿದ್ದಾರೆ, ಗೆರೆ ಗೆರೆಗೆ ಕೂಡುವಲ್ಲಿ ಮಸಿ ಕಟ್ಟದ ಹಾಗೆ ಒಳಗಿನಿಂದ ಕೊರೆದಿದ್ದಾರೆ. ಮಾಡಿದವರೇ ಈ ಫಾಂಟನ್ನು ತುಪ್ಪಳದೊಳಗೆ ಚೂಪು ಪಂಜ ಇಟ್ಟುಕೊಂಡ ಕರಡಿ ಎಂಬರ್ಥದಲ್ಲಿ ಬಣ್ಣಿಸಿದ್ದಾರೆ. ‘ರಾಜ್ಯೋತ್ಸವ’ವನ್ನು ಎರಡು ಅಡಿ ಎತ್ತರಕ್ಕೆ ಹಾಕಿ ನೋಡಿದಾಗ ಆ ಪಂಜ ನನಗೆ ಕಂಡಿತು. ಅಷ್ಟು ದೊಡ್ಡದರಲ್ಲಿ ಎಲ್ಲೂ ಮುಗ್ಗರಿಸುವುದಿಲ್ಲ. ಅದೇ ಫಾಂಟನ್ನು ಎರಡಿಂಚಿಗೆ ಇಳಿಸಿದರೆ ಪಂಜ ತುಪ್ಪಳದಲ್ಲಿ ಮಾಯ, ಧನ ಹೋಗಿ ದನ.

ಒತ್ತಿಗಾಗಿ ಕೆಳಗೆ ಜಾಗ ಕಾದಿಡಬೇಕಾದ್ದರಿಂದ ಈ ಫಾಂಟಿನ ಸಾಲಿನ ಎತ್ತರವೂ ಜಾಸ್ತಿ. ಆಫೀಸಿನಲ್ಲಿ ಒಮ್ಮೆ ನಮ್ಮ ತಂಡದ ಹುಡುಗಿಯೊಬ್ಬಳು ಬರೀ ಇಂಗ್ಲಿಷ್ ಇದ್ದ ಬಟನ್‌ಗೆ ಇದನ್ನು ಹಾಕಿ, ಪದ ನಟ್ಟನಡುವೆ ಕೂರುತ್ತಿಲ್ಲ ಎಂದು ಅರ್ಧ ದಿನ ಒದ್ದಾಡಿದಳು. ಬಟನ್ ಮೇಲೆ ಬರದೇ ಇದ್ದ ಕನ್ನಡದ ಒತ್ತಕ್ಷರಕ್ಕೆ ಇಂಗ್ಲಿಷ್ ಜಾಗ ಬಿಟ್ಟುಕೊಟ್ಟಿತ್ತು. ಬಗ್ ಸರಿಪಡಿಸಿದೆವು, ಆದರೆ ನನಗೆ ಒಳಗೊಳಗೇ ಖುಷಿಯಾಗಿತ್ತು.

ಪುಣೆಗೂ ಕನ್ನಡ ಅಕ್ಷರಕ್ಕೂ ಇರುವ ಹಳೆಯ ನಂಟನ್ನು ಇಲ್ಲಿ ಹೇಳಲೇಬೇಕು. ಡಿಟಿಪಿ ಕಾಲದಲ್ಲಿ ಕರ್ನಾಟಕದ ಪ್ರೆಸ್ಸುಗಳಲ್ಲಿ ಮನೆಮಾತಾಗಿದ್ದ ಶ್ರೀಲಿಪಿ ತಯಾರಾದದ್ದು ಪುಣೆಯ ಮಾಡ್ಯುಲರ್ ಇನ್ಫೋಟೆಕ್‌ನಲ್ಲಿ. ಭಾರತೀಯ ಭಾಷೆಗಳಿಗೆ ಜಿಸ್ಟ್ ತಂತ್ರಜ್ಞಾನ ಕೊಟ್ಟ ಸಿಡ್ಯಾಕ್ 1988ರಿಂದ ಇರುವುದೂ ಪುಣೆಯಲ್ಲೇ. ನಾನು ಈ ಊರಿಗೆ ಬರುವ ಮೊದಲೇ, ಗದಗಿನ ಪ್ರೆಸ್ಸಿನಲ್ಲಿ ಅಚ್ಚಾದ ನನ್ನ ಮದುವೆಯ ಕಾರ್ಡು ಈ ಊರಿನ ಅಕ್ಷರದಲ್ಲಿತ್ತು! ಆ ಫಾಂಟುಗಳಿಗೆ ಹೆಸರಿರಲಿಲ್ಲ, ನಂಬರ್ ಇತ್ತು. ಪ್ರೆಸ್ಸಿನವರು ಲಾಟರಿ ಟಿಕೆಟ್ ಹೇಳಿದ ಹಾಗೆ ನಂಬರ್ ಹೇಳಿ ತೋರಿಸುತ್ತಿದ್ದರು: ಇದು ಮದುವೆಗೆ, ಇದು ಚುನಾವಣೆಗೆ, ಇದು ತಿಥಿಗೆ. ಎಲ್ಲವೂ ಚೆಂದ ಇದ್ದವು ಅಂತಲ್ಲ. ಕೆಲವಂತೂ ಉಬ್ಬಸ ಬಂದ ಹಾಗಿದ್ದವು. ಆದರೆ ಸಂತೋಷಕ್ಕೊಂದು ದಪ್ಪ, ಸಾವಿಗೊಂದು ದಪ್ಪ ಬೇರೆ ಬೇರೆ ಇತ್ತು.

ಆ ಫಾಂಟುಗಳು ಯೂನಿಕೋಡ್‌ಗೆ ಮುಂಚಿನವು. ಈಗ ವಾಟ್ಸ್ಆ್ಯಪ್‌ನಲ್ಲಿ ಬಂದ ಕನ್ನಡವನ್ನು ಅವುಗಳಿಗೆ ಹಾಕಿದರೆ ಕನ್ನಡವೇ ಬರುವುದಿಲ್ಲ. ಹೋದ ವರ್ಷ ಅಪ್ಪಾ ಬಳವಂತ ಚೌಕದ ಹತ್ತಿರದ ಫ್ಲೆಕ್ಸ್ ಅಂಗಡಿಯೊಂದರಲ್ಲಿ ಮೊದಲ ಪ್ರೂಫ್ ಬಂದದ್ದು ‘ರಾಜ್‌ಯೋತ್‌ಸವ’ ಎಂದು, ಒತ್ತುಗಳೆಲ್ಲ ಮೇಲಕ್ಕೆದ್ದು ಸಾಲಿನಲ್ಲಿ ಕೂತಿದ್ದವು. ಆಪರೇಟರ್ ಹುಡುಗನಿಗೆ ಕನ್ನಡ ಬಾರದು, ಅವನಿಗೆ ಏನು ತಪ್ಪಿದೆ ಎಂದೇ ತಿಳಿಯಲಿಲ್ಲ. "ಸಾಹೇಬ್, ತುಮ್ಚಾ ಫಾಂಟ್ ಪಾಠವಾ" ಅಂದ, ನಿಮ್ಮ ಫಾಂಟ್ ನೀವೇ ಕಳಿಸಿ ಎಂದು. ಫೋನಿನಲ್ಲೇ ಬಲೂ ತಮ್ಮ ಇಳಿಸಿ ಕಳಿಸಿದೆ. ಹತ್ತು ನಿಮಿಷದಲ್ಲಿ ಸರಿಯಾದ ‘ರಾಜ್ಯೋತ್ಸವ’ ಬಂತು. ಉಚಿತ, ಯೂನಿಕೋಡ್, ಒತ್ತು ಒಡೆಯುವುದಿಲ್ಲ, ದಪ್ಪಗಿದೆ. ಅವಸರದಲ್ಲಿರುವವನಿಗೆ ಇನ್ನೇನು ಬೇಕು? ನಾವೆಲ್ಲ ಇದಕ್ಕೆ ಜೋತುಬಿದ್ದಿರುವುದರ ಗುಟ್ಟು ಸೌಂದರ್ಯಕ್ಕಿಂತ ಹೆಚ್ಚಾಗಿ ಇದರಲ್ಲೇ ಇದೆ.

ನಮ್ಮ ಗುಂಪಿನಲ್ಲಿ ಒಬ್ಬ ಹಿರಿಯರಿದ್ದರು, ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಎಲ್ಲರೂ ಕಾಕಾ ಅನ್ನುತ್ತಿದ್ದೆವು. ಫ್ಲೆಕ್ಸ್ ಬರುವ ಮುಂಚೆ ಬಟ್ಟೆಯ ಬ್ಯಾನರಿನ ಮೇಲೆ ಕುಂಚದಲ್ಲಿ ಅವರೇ ಬರೆಯುತ್ತಿದ್ದರಂತೆ. ಬ್ಯಾನರ್ ಕಟ್ಟುವಾಗ ನೋಡಿ, "ತಮ್ಮಾ, ಚಲೋ ಐತಿ. ಆದ್ರ ಸಣ್ಣ ಹುಡುಗರ ಬರ್ತ್‌ಡೇ ಕಾರ್ಡ್ ಕಂಡಂಗ ಕಾಣತೈತಲ್ಲೋ" ಅಂದರು. ದನದ ಕಥೆ ಆದ ಮೇಲೆ ಅವರೇ ಇನ್ನೊಂದು ಮಾತು ಹೇಳಿದರು: "ನಾ ಎರಡು ಕುಂಚ ಇಟಗೋತಿದ್ನಿ. ದಪ್ಪಂದು ಅಕ್ಷರಕ್ಕ, ಸಣ್ಣಂದು ಹೊಟ್ಟಿ ಸೀಳಾಕ." ಇಷ್ಟು ಉದ್ದಕ್ಕೆ ನಾನು ಹೇಳಿದ್ದನ್ನು ಅವರು ಎರಡು ವಾಕ್ಯದಲ್ಲಿ ಹೇಳಿದ್ದರು.

ಫೆಬ್ರುವರಿಯಲ್ಲಿ ಕಾಕಾ ತೀರಿಕೊಂಡರು. ರಾತ್ರಿ ಹನ್ನೊಂದರ ಹೊತ್ತಿಗೆ ಗುಂಪಿಗೆ ಹಾಕಲು ಒಂದು ಚಿತ್ರ ಬೇಕೆಂದರು. ರಾಜ್ಯೋತ್ಸವದ ಫೈಲು ಫೋನಿನಲ್ಲಿತ್ತು. ಬಣ್ಣ ತೆಗೆದು ಕಪ್ಪು-ಬಿಳಿ ಮಾಡಿ, ಅವರ ಫೋಟೊ ಇಟ್ಟು, ‘ಭಾವಪೂರ್ಣ ಶ್ರದ್ಧಾಂಜಲಿ’ ಎಂದು ತಿದ್ದಿ ಕಳಿಸಿ ಮಲಗಿದೆ. ಬೆಳಿಗ್ಗೆ ಎದ್ದು ನೋಡಿದರೆ ಅಕ್ಷರಗಳು ನಗುತ್ತಿದ್ದವು. ಬಣ್ಣ ತೆಗೆದರೂ ಆ ಉಬ್ಬಿದ ಕೆನ್ನೆ ಹೋಗಿರಲಿಲ್ಲ. ‘ದ್ಧಾ’ದಲ್ಲಿ ದದ ಕೆಳಗೆ ಇನ್ನೊಂದು ಪುಟ್ಟ ಧ, ಅದರ ಪುಟ್ಟ ಹೊಟ್ಟೆಗೆ ಇನ್ನೂ ಪುಟ್ಟ ಸೀಳು. ಫೋನಿನ ಪರದೆಯಲ್ಲಿ ಅದು ಬರೀ ಒಂದು ಉಂಡೆ. ಅಳಿಸೋಣ ಎಂದರೆ ಅಷ್ಟರಲ್ಲಿ ಎಷ್ಟೋ ಜನ ಫಾರ್ವರ್ಡ್ ಮಾಡಿಯಾಗಿತ್ತು. ಯಾರೂ ಏನೂ ಅನ್ನಲಿಲ್ಲ.

ಇದನ್ನು ಫಾಂಟಿನ ಮೇಲೆ ಹೊರಿಸಲಾರೆ. ಅದು ತಾನು ಹಸನ್ಮುಖಿ ಎಂದು ಮೊದಲೇ ಹೇಳಿಕೊಂಡಿದೆ. ನನ್ನ ತಕರಾರು ಬೇರೆ. ಪುಕ್ಕಟೆ ಸಿಗುವ, ಕೈಗೆಟುಕುವ ಕನ್ನಡ ಅಕ್ಷರಗಳಲ್ಲಿ ತೂಕ ಎಂಬುದು ನಗೆಯ ಜೊತೆಗೇ ಬಂತು, ನಾವು ಎರಡೂ ಒಂದೇ ಅಂದುಕೊಂಡೆವು. ದಪ್ಪಗಿದ್ದೂ ಗಂಭೀರವಾಗಿ ನಿಲ್ಲುವ ಅಕ್ಷರ ನಮ್ಮ ಕೈಯಲ್ಲಿಲ್ಲ. ಏಕ್ ಟೈಪ್‌ನವರದೇ 2022ರ ಅನೇಕ್ ಕನ್ನಡ ಇದೆ. ಅದನ್ನು ಬಿಡಿಸಿದವರು ವೈಷ್ಣವಿ ಮೂರ್ತಿ. ದಪ್ಪ ತೆಳು ಮಾತ್ರವಲ್ಲ, ಅಗಲ ಕಿರಿದೂ ಬೇಕಾದಂತೆ ಬದಲಿಸಬಹುದು, ಸಣ್ಣ ಗಾತ್ರದಲ್ಲೂ ಧ ಧವಾಗಿಯೇ ಉಳಿಯುತ್ತದೆ. ಆದರೆ ಅದರ ಅತಿ ದಪ್ಪ ರೂಪ ನನ್ನ ಕಣ್ಣಿಗೆ ಒಳ್ಳೆಯ ಆಫೀಸರ್ ಇದ್ದ ಹಾಗೆ. ಗೌರವ ಇದೆ, ದುಃಖ ಇಲ್ಲ. ವೈಷ್ಣವಿ ಮೂರ್ತಿಯವರೇ ಹುವಾನ್ ಲೂಯಿಸ್ ಬ್ಲಾಂಕೊ ಜೊತೆ ಮಾಡಿದ ಅಕಾಯ ಕನಡಕದಲ್ಲಿ ಬಲೂಗೆ ಇಲ್ಲದ ಕೈಬರಹದ ಚುರುಕಿದೆ, ಅದೂ ಹಬ್ಬದ ಮನೆಯದೇ. ಟಿರೊ ಕನ್ನಡ ಗಂಭೀರ, ಆದರೆ ಅದು ಪುಸ್ತಕದ ಒಳಪುಟದ ಅಕ್ಷರ, ರಸ್ತೆಯ ಆಚೆಯಿಂದ ಕೂಗುವ ದನಿ ಅದಕ್ಕಿಲ್ಲ. ಮರಾಠಿಯವರಿಗೂ ಬಲೂ ಇದೆ. ಅದಕ್ಕಿಂತ ಗುಂಡಗಿನ, ಒಳಬಯಲು ಸೀಳುಗೆರೆಯಷ್ಟೇ ಉಳಿದ, ಗಣಪತಿಯ ನೈವೇದ್ಯದ ಹೆಸರೇ ಇರುವ ಮೋದಕ್ ಕೂಡ ಇದೆ. ಆದರೆ ದೇವನಾಗರಿಯಲ್ಲಿ ಆಯ್ಕೆಗಳು ಎಷ್ಟೊಂದಿವೆ ಎಂದರೆ ಮೋದಕ್ ಅನ್ನು ಯಾರೂ ತಿಥಿಗೆ ಬಡಿಸುವುದಿಲ್ಲ.

ಕಾಕಾ ಹದಿಮೂರನೆಯ ದಿನಕ್ಕೆ ಹೊಸ ಚಿತ್ರ ಮಾಡಿದೆ, ಟಿರೊದಲ್ಲಿ. ದೂರದಿಂದ ಓದಲು ಬರಲಿಲ್ಲ. ಹತ್ತಿರ ಹೋದವರು ಓದಿದರು.

ಈ ವರ್ಷದ ಬ್ಯಾನರಿಗೆ ‘ಕನ್ನಡ ರಾಜ್ಯೋತ್ಸವ’ ಮತ್ತೆ ಬಲೂ ತಮ್ಮದಲ್ಲೇ ಇರಲಿದೆ, ಎರಡು ಅಡಿ ಎತ್ತರಕ್ಕೆ. ಆ ಕೆಲಸಕ್ಕೆ ಅವನಷ್ಟು ಒಳ್ಳೆಯವನು ಸದ್ಯಕ್ಕೆ ಇನ್ನೊಬ್ಬನಿಲ್ಲ. ಕೆಳಗಿನ ಸಾಲುಗಳು ಅನೇಕ್‌ನಲ್ಲಿ. ಪ್ರೂಫ್ ನೋಡುವ ಕೆಲಸ ಮಗಳಿಗೆ ಕೊಟ್ಟಿದ್ದೇನೆ. ಮೊನ್ನೆ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿ, ಹಾಲಿನ ಆ ತುದಿಗೆ ಹೋಗಿ ನಿಂತು ಜೋರಾಗಿ ಓದಿದಳು. ‘ಧನ’ ಸರಿಯಾಗಿ ಓದಿದಳು. ‘ಅಧ್ಯಕ್ಷರು’ ಎಂಬಲ್ಲಿ ತಡೆದು, ಎರಡು ಹೆಜ್ಜೆ ಮುಂದೆ ಬಂದಳು.